ಹುಲ್ಲಿಗೆ ಬೆಂಕಿ, ನೀರಿಗೆ ಲೆಕ್ಕವಿಲ್ಲ

1/9
ಮೊದಲೇ ಹೇಳಿಬಿಡ್ತೀನಿ, ಇದು ಉದ್ದ ಐತಿ. ಒಂಬತ್ತು ಪೋಸ್ಟ್. ಟೈಮ್ ಇಲ್ಲದವರು ಸೇವ್ ಮಾಡಿಕೊಂಡು ರಾತ್ರಿ ಓದಿ. ಆದರೆ ಓದದೆ ಕಾಮೆಂಟ್ ಮಾಡಬೇಡಿ.

ನವೆಂಬರ್ ಬಂದ್ರೆ ಸಾಕು, ನಮ್ಮೆಲ್ಲರ ಸ್ಟೋರಿಯಲ್ಲಿ ದೆಹಲಿಯ ಹೊಗೆ. ಮಾಸ್ಕ್ ಹಾಕಿದ ಮಕ್ಕಳ ಫೋಟೊ, ಪಂಜಾಬಿನ ರೈತರಿಗೆ ಬೈಯುವ ರೀಲ್ಸ್, ಕೆಳಗೆ ಕೈಮುಗಿಯುವ ಎಮೋಜಿ. ಅದೇ ತಿಂಗಳು ನಾವು ಗಂಗಾವತಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಮುಚ್ಚಿಕೊಳ್ಳುತ್ತೇವೆ. ಯಾಕೆ ಮುಚ್ಚಿದ್ವಿ ಅಂತ ಯಾರೂ ಕೇಳಲ್ಲ. ರಸ್ತೆಯ ಎರಡೂ ಕಡೆ ಭತ್ತದ ಗದ್ದೆ ಉರಿಯುತ್ತಿರುತ್ತದೆ. ಆ ಹೊಗೆಗೆ ಹ್ಯಾಶ್‌ಟ್ಯಾಗ್ ಇಲ್ಲ, ಯಾಕಂದ್ರೆ ಅದು ದೆಹಲಿಗೆ ಹೋಗಲ್ಲ. ಕಾರಟಗಿಯ ಅಜ್ಜಿಯ ಎದೆಯೊಳಗೆ ಹೋಗ್ತದೆ, ಅಷ್ಟೇ.

ಮೊದಲ ಫೋಟೊದಲ್ಲಿ ಕಾಣೋದು ಮಂಜಲ್ಲ.

ನಾನು ಬಿಕಾಂ ವಿದ್ಯಾರ್ಥಿ. ಕೃಷಿ ವಿಜ್ಞಾನಿ ಅಲ್ಲ, ಹೋರಾಟಗಾರನೂ ಅಲ್ಲ. ಲೆಕ್ಕ ನೋಡೋದು ಕಲೀತಿದೀನಿ. ತುಂಗಭದ್ರಾ ಎಡದಂಡೆ ಕಾಲುವೆಯ ಲೆಕ್ಕ ನೋಡಿದ್ರೆ ಎರಡು ಕಡೆ ದೊಡ್ಡ ತೂತು ಕಾಣ್ತದೆ. ಒಂದು, ನಾವು ಕಸ ಅಂತ ಸುಡುವ ಹುಲ್ಲು. ಇನ್ನೊಂದು, ಪುಕ್ಕಟೆ ಅಂತ ಹರಿಸುವ ನೀರು. ಎರಡರ ಬಿಲ್ಲೂ ಬೇರೆ ಯಾರೋ ಕಟ್ಟುತ್ತಿದ್ದಾರೆ. ಯಾರು ಅಂತ ಹೇಳೋಕೇ ಈ ಸರಣಿ.

2/9
ಕಾಸ್ಟ್ ಅಕೌಂಟಿಂಗ್ ಕ್ಲಾಸಿನಲ್ಲಿ ನಮಗೆಲ್ಲ ಕಲಿಸಿದ್ದು ನೆನಪಿದೆಯಾ? ವೇಸ್ಟ್ ಬೇರೆ, ಬೈ-ಪ್ರಾಡಕ್ಟ್ ಬೇರೆ. ವೇಸ್ಟ್‌ಗೆ ಬೆಲೆ ಇಲ್ಲ. ಬೈ-ಪ್ರಾಡಕ್ಟ್‌ಗೆ ಬೆಲೆ ಇದೆ, ಅದನ್ನು ಲೆಕ್ಕಕ್ಕೆ ತಗೊಳ್ಳದಿದ್ದರೆ ಉತ್ತರ ತಪ್ಪು, ಮಾರ್ಕ್ಸ್ ಕಟ್.

ಈಗ ಗದ್ದೆಗೆ ಬನ್ನಿ. ಎಕರೆಗೆ 30 ಚೀಲ ಭತ್ತ ಅಂತ ಹಿಡಿಯೋಣ. ನಮ್ಮ ಕಡೆ ಚೀಲ ಅಂದ್ರೆ 75 ಕೆ.ಜಿ. ಒಟ್ಟು 2,250 ಕೆ.ಜಿ. ಕಾಳು. ಕಾಳು ಎಷ್ಟು ತೂಕವೋ ಹುಲ್ಲೂ ಕಡಿಮೆ ಅಂದ್ರೆ ಅಷ್ಟೇ ತೂಕ, ಅಂದ್ರೆ ಎರಡೂಕಾಲು ಟನ್. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5.5 ಕೆ.ಜಿ. ಸಾರಜನಕ, 2.3 ಕೆ.ಜಿ. ರಂಜಕ, 25 ಕೆ.ಜಿ. ಪೊಟ್ಯಾಶ್ ಇರುತ್ತದೆ. ಬೆಂಕಿ ಹಚ್ಚಿದರೆ ಪೊಟ್ಯಾಶ್ ಒಂದಷ್ಟು ಬೂದಿಯಲ್ಲಿ ಉಳಿಯಬಹುದು. ಸಾರಜನಕ ಮಾತ್ರ ಹೆಚ್ಚುಕಡಿಮೆ ಪೂರ್ತಿ ಗಾಳಿಗೆ.

45 ಕೆ.ಜಿ. ಯೂರಿಯಾ ಮೂಟೆಯಲ್ಲಿ ಶೇ 46ರಷ್ಟು ಸಾರಜನಕ, ಅಂದ್ರೆ ಸುಮಾರು 20.7 ಕೆ.ಜಿ. ಎರಡು ಎಕರೆ ಹುಲ್ಲು ಸುಟ್ಟರೆ 24 ಕೆ.ಜಿ.ಗಿಂತ ಹೆಚ್ಚು ಹೋಯ್ತು.

ಎರಡು ಎಕರೆಗೆ ಒಂದು ಮೂಟೆ ಯೂರಿಯಾಕ್ಕಿಂತ ಜಾಸ್ತಿ ಸುಟ್ಟಂಗೆ. ಮುಂಗಾರು ಬಂದಾಗ ಅದೇ ಯೂರಿಯಾಕ್ಕೆ ಸೊಸೈಟಿ ಮುಂದೆ ಚಪ್ಪಲಿ ಇಟ್ಟು ಸಾಲು ನಿಲ್ಲೋದು ಯಾರು? ಸುಟ್ಟವರೇ. ಅವರ ಹಿಂದೆ, ಸುಡದವರೂ.

ಇದು ವೇಸ್ಟ್ ಅಲ್ಲ ದೋಸ್ತ. ಲೆಡ್ಜರ್‌ನಲ್ಲಿ ಎಂಟ್ರಿಯೇ ಆಗದ ಆಸ್ತಿ.

3/9
ಈಗ ಸಿಟ್ಟಿಗೆದ್ದವರಿಗೆ ಒಂದು ಮಾತು. "ರೈತರಿಗೆ ಬುದ್ಧಿ ಇಲ್ಲ, ದಂಡ ಹಾಕಿ, ಕೇಸ್ ಹಾಕಿ" ಅಂತ ಬರೆಯೋರು ಇಲ್ಲೇ ನಿಲ್ಲಿ.

ರೈತರು ಹುಲ್ಲು ಸುಡೋದು ಮಜಾಕ್ಕಲ್ಲ. ಕಟಾವಿಗೆ ಹಾರ್ವೆಸ್ಟರ್ ಬಂತು. ಅದು ಕಾಳು ತಗೊಂಡು ಹುಲ್ಲನ್ನು ಗದ್ದೆ ತುಂಬ ಚೆಲ್ಲಿ ಹೋಗ್ತದೆ. ಕೆಳಗೆ ಕೂಳೆ, ಮೇಲೆ ಹುಲ್ಲು. ಕೈಯಿಂದ ಬಳಿಯೋಕೆ ಆಳು ಸಿಗಲ್ಲ. ಸಿಕ್ಕರೂ ಕೂಲಿ ಹುಲ್ಲಿನ ರೇಟಿಗಿಂತ ಜಾಸ್ತಿ. ಮನೆಯಲ್ಲಿ ದನ ಇಲ್ಲ, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ. ಮೊದಲು ಹುಲ್ಲು ಬಣವಿ ಆಗ್ತಿತ್ತು, ಈಗ ಬಣವಿ ಒಟ್ಟೋದು ಗೊತ್ತಿರೋರೇ ಕಡಿಮೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಎಷ್ಟೋ ಗದ್ದೆ ಲೀಜಿನ ಮೇಲೆ ನಡೀತಾವೆ. ಈ ವರ್ಷ ನಿಮ್ಮದು, ಮುಂದಿನ ವರ್ಷ ಯಾರದೋ. ಮಣ್ಣಿನೊಳಗೆ ಹುಲ್ಲು ಕೊಳೆತು ಸಾರ ಆಗೋಕೆ ವರ್ಷಗಳು ಬೇಕು. ಮುಂದಿನ ವರ್ಷ ಆ ಹೊಲ ತನ್ನ ಕೈಲಿ ಇರುತ್ತೋ ಇಲ್ಲವೋ ಗೊತ್ತಿಲ್ಲದವನು ಮಣ್ಣಿಗೆ ಯಾಕೆ ಖರ್ಚು ಮಾಡ್ತಾನೆ? ಒಂದು ಕಡ್ಡಿ ಗೀರಿದರೆ ಅರ್ಧ ದಿನದಲ್ಲಿ ಗದ್ದೆ ಖಾಲಿ.

"ಏನ್ ಮಾಡಾಮ್ರೀ, ಬೆಂಕಿ ಹಚ್ಚಿದ್ರ ಮುಗೀತು" ಅಂತಾರೆ. ಅವರ ಜೇಬಿನ ಲೆಕ್ಕದಲ್ಲಿ ಅದು ಸರಿ. ಊರಿನ ಲೆಕ್ಕದಲ್ಲಿ ತಪ್ಪು. ಇವೆರಡರ ನಡುವಿನ ವ್ಯತ್ಯಾಸ ತುಂಬಿಕೊಡೋದು ಸರ್ಕಾರದ ಕೆಲಸ. ಬರೀ ನೋಟಿಸ್ ಕೊಡೋದಲ್ಲ, ಹುಲ್ಲು ಕಟ್ಟುವ ಬೇಲರ್ ಯಂತ್ರ ಕಟಾವಿನ ವಾರದಲ್ಲೇ ಬಾಡಿಗೆಗೆ ಸಿಗುವಂತೆ ಮಾಡೋದು. ಕಟಾವಾಗಿ ತಿಂಗಳ ಮೇಲೆ ಬರುವ ಯಂತ್ರ ಉದ್ಘಾಟನೆಯ ಫೋಟೊಗೆ ಮಾತ್ರ ಚೆಂದ.

4/9
ಪಂಜಾಬಿಗೂ ನಮಗೂ ಒಂದು ದೊಡ್ಡ ಫರಕು ಇದೆ. ಅಲ್ಲಿ 2009ರ ಕಾಯ್ದೆ ಅಂತರ್ಜಲ ಉಳಿಸೋಕೆ ಭತ್ತದ ನಾಟಿಯನ್ನು ಮುಂದಕ್ಕೆ ಹಾಕಿತು. ಕಟಾವು ತಡವಾಯ್ತು, ಗೋಧಿ ಬಿತ್ತೋಕೆ ಉಳಿದದ್ದು ಕೆಲವೇ ದಿನ. ಜೊತೆಗೆ ಅಲ್ಲಿ ದನಕ್ಕೆ ಭತ್ತದ ಹುಲ್ಲು ಹಾಕೋದು ಕಡಿಮೆ.

ನಮ್ಮ ದನ ಭತ್ತದ ಹುಲ್ಲು ತಿಂತಾವೆ. ತಲೆತಲಾಂತರದಿಂದ ತಿಂತಾವೆ. ಹಂಗಿದ್ದರೂ ಸುಡ್ತೀವಿ.

2023ರ ಬರ ನೆನಪಿದೆಯಾ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಮೇವಿಲ್ಲ ಅಂತ ಜನ ಸಂತೆಗೆ ದನ ಹೊಡಕೊಂಡು ಹೋದರು, ಬಂದ ರೇಟಿಗೆ ಕೊಟ್ಟರು. ಒಂದೇ ಕೊಪ್ಪಳ ಜಿಲ್ಲೆಯ ಮ್ಯಾಪ್ ತೆಗೆದು ನೋಡಿ. ಗಂಗಾವತಿ ಕಡೆ ಕಾಲುವೆ, ಕುಷ್ಟಗಿ ಕಡೆ ಒಣ ಹೊಲ. ಟ್ರ್ಯಾಕ್ಟರ್‌ಗೆ ಒಂದು ದಿನದ ದಾರಿಯೂ ಅಲ್ಲ. ಒಂದು ಕಡೆ ಹುಲ್ಲಿಗೆ ಬೆಂಕಿ, ಇನ್ನೊಂದು ಕಡೆ ಹುಲ್ಲಿಗೆ ಕಣ್ಣೀರು.

ಬರೀ ಭತ್ತದ ಹುಲ್ಲಲ್ಲಿ ಸತ್ವ ಕಡಿಮೆ ಅಂತೀರಾ? ಸರಿ. ಅದಕ್ಕೂ ದಾರಿ ಹಳೇದೇ ಇದೆ: 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿ ಆಡದಂತೆ ಮೂರು ವಾರ ಮುಚ್ಚಿಡೋದು. (ಅಳತೆ ತಪ್ಪಿದರೆ ಯೂರಿಯಾ ದನಕ್ಕೆ ವಿಷ. ಪಶುವೈದ್ಯರನ್ನು ಕೇಳಿಯೇ ಮಾಡಿ. ನನ್ನ ಕ್ಯಾಪ್ಶನ್ ನೋಡಿ ಮಾಡಬೇಡಿ.)

ದನ ತಿಂದ ಹುಲ್ಲು ಸಗಣಿಯಾಗಿ ಹೊಲಕ್ಕೇ ವಾಪಸ್ ಬರ್ತದೆ. ಸುಟ್ಟ ಹುಲ್ಲು ಯಾರ ಮನೆಗೂ ವಾಪಸ್ ಬರಲ್ಲ.

5/9
ಈಗ ನೀರು. ಇಲ್ಲಿಂದ ಕೆಲವರು ಅನ್‌ಫಾಲೋ ಮಾಡ್ತೀರಿ ಅಂತ ಗೊತ್ತು.

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರವಾರ ದಾಟಿ ರಾಯಚೂರಿನ ತನಕ. ಕಾಗದದ ಮೇಲೆ. ಈ ಯೋಜನೆ ಕಟ್ಟಿದ್ದು ಬರದ ನಾಡಿಗೆ. ಉದ್ದೇಶ ಸಿಂಪಲ್: ಸ್ವಲ್ಪ ಸ್ವಲ್ಪ ನೀರು, ಹೆಚ್ಚು ಹೆಚ್ಚು ಜನಕ್ಕೆ. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೇ ಹೆಚ್ಚು ಪಾಲು, ಭತ್ತಕ್ಕೆ ಸಣ್ಣ ಪಾಲು. ಆದದ್ದು ಉಲ್ಟಾ. ಮೇಲ್ಭಾಗದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಭತ್ತ, ನೀರಿದ್ದ ವರ್ಷ ಎರಡು ಬೆಳೆ.

ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಸರಾಸರಿ ಪ್ರಕಾರ ಒಂದು ಕೆ.ಜಿ. ಭತ್ತಕ್ಕೆ ಮಳೆ, ಕಾಲುವೆ ಎಲ್ಲ ಸೇರಿ ಸುಮಾರು 2,500 ಲೀಟರ್ ನೀರು. 75 ಕೆ.ಜಿ. ಚೀಲಕ್ಕೆ ಗುಣಿಸಿ: 1,87,500 ಲೀಟರ್. 5,000 ಲೀಟರಿನ ಟ್ಯಾಂಕರ್ 37 ಸಲ ಬಂದಂಗೆ. ಒಂದು ಚೀಲಕ್ಕೆ!

ನಮ್ಮೂರು ಕಾಲುವೆಯ ಕೊನೆಗಿದೆ, ಟೇಲ್‌ಎಂಡ್. ನಮ್ಮ ಮನೆಯಲ್ಲಿ ಬೆಳಗ್ಗೆ ಕೇಳೋ ಪ್ರಶ್ನೆ "ಚಹಾ ಆತೇನು" ಅಲ್ಲ, "ಮೈಲ್ 104ರಾಗ ಗೇಜ್ ಎಷ್ಟೈತಿ?" ಅಲ್ಲಿ ಗೇಜ್ ಬಿದ್ದರೆ ನಮ್ಮ ಉಪಕಾಲುವೆಗೆ ನೀರು ಏರಲ್ಲ. ನೀರು ಏರದಿದ್ದರೆ ಹತ್ತಿ ಒಣಗ್ತದೆ. ಹತ್ತಿ ಒಣಗಿದ ವರ್ಷ ನಮ್ಮ ಕಾಕಾ, ದೊಡ್ಡಪ್ಪನ ಮಗ ಬೆಂಗಳೂರಿಗೆ ಗುಳೆ ಹೋಗ್ತಾರೆ. ನನ್ನ ಸೆಮಿಸ್ಟರ್ ಫೀಸ್ ನಿಂತಿರೋದು ಆ ಗೇಜ್ ಕಲ್ಲಿನ ಮೇಲೆ. ಇದು ನನಗೆ ಸೆಮಿನಾರ್ ಟಾಪಿಕ್ ಅಲ್ಲ.

6/9
"ಹಂಗಾದ್ರೆ ಮೇಲ್ಭಾಗದವರೆಲ್ಲ ಕಳ್ಳರಾ?" ಅಂತ ಹಾಸ್ಟೆಲ್‌ನಲ್ಲೇ ಕೇಳಿದ್ದೀರಿ. ಉತ್ತರ ಇಲ್ಲೇ ಕೊಡ್ತೀನಿ, ಎಲ್ಲರಿಗೂ ಕಾಣಲಿ.

ಅಲ್ಲ. ಕಾಲುವೆಗೆ ಪೈಪ್ ಇಳಿಸಿ ಅಕ್ರಮವಾಗಿ ಪಂಪ್ ಹಚ್ಚಿದವರು ಕಳ್ಳರೇ, ಅದರಲ್ಲಿ ಮಾತಿಲ್ಲ. ಆದರೆ ಮೂರು ಎಕರೆಯ ಸಣ್ಣ ರೈತ ಭತ್ತ ಹಾಕೋಕೆ ಕಾರಣ ಬೇರೆ. ಪಕ್ಕದವನು ಗದ್ದೆಗೆ ನೀರು ನಿಲ್ಲಿಸಿದ. ಆ ನೀರು ಬಸಿದು ಇವನ ಹೊಲಕ್ಕೆ ಬಂತು. ಕಪ್ಪು ಮಣ್ಣು, ನೀರು ಇಂಗಲ್ಲ. ಜೋಳ ಹಾಕಿದರೆ ಬೇರು ಕೊಳೀತದೆ. ಆ ಕೆಸರಿನಲ್ಲಿ ನಿಲ್ಲೋ ಬೆಳೆ ಒಂದೇ, ಭತ್ತ. ಒಬ್ಬ ಶುರು ಮಾಡಿದರೆ ಸಾಲಾಗಿ ಎಲ್ಲರೂ ಹಾಕಲೇಬೇಕು.

ಇನ್ನೂ ಇದೆ. ಮುಂದಿನ ಪಾಳಿ ಯಾವಾಗ ಬರುತ್ತೋ ಗೊತ್ತಿಲ್ಲದವನು ಬಂದಾಗಲೇ ತುಂಬಿಸಿಕೊಳ್ತಾನೆ. ಅದು ದುರಾಸೆಗಿಂತ ಜಾಸ್ತಿ ಅಂಜಿಕೆ. ಬಿಲ್ಲೂ ಎಕರೆ ಲೆಕ್ಕದಲ್ಲಿ, ಬೆಳೆ ಲೆಕ್ಕದಲ್ಲಿ. ಎಷ್ಟು ನೀರು ಹರಿಸಿದರೂ ಅಷ್ಟೇ. ಹಾಸ್ಟೆಲ್‌ನಲ್ಲಿ ಕರೆಂಟ್ ಬಿಲ್ ಬೇರೆ ಕೊಡಬೇಕಿಲ್ಲ ಅಂದ್ರೆ ನಾವು ಫ್ಯಾನ್ ಆರಿಸ್ತೀವಾ?

ಇದಕ್ಕೆ ಕೊಡುವ ದಂಡ ಮಣ್ಣಿನಿಂದಲೇ ವಸೂಲಾಗ್ತದೆ. ನೀರು ನಿಂತು ನಿಂತು ನೆಲದೊಳಗಿನ ನೀರಿನ ಮಟ್ಟ ಮೇಲೆ ಬರ್ತದೆ. ಬಿಸಿಲಿಗೆ ನೀರು ಆರುತ್ತೆ, ಉಪ್ಪು ಉಳಿಯುತ್ತೆ. ಅದೇ ಸವಳು-ಜವಳು. ಮೂರನೇ ಫೋಟೊದಲ್ಲಿ ಹೊಲದ ಮೇಲೆ ಬೆಳ್ಳಗೆ ಕಾಣೋದು ಸುಣ್ಣವಲ್ಲ. ಬಸಿಗಾಲುವೆ ತೋಡದೆ ಆ ನೆಲಕ್ಕೆ ಉದ್ಧಾರ ಇಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದೇ ಸವಳು ನೆಲದ ಮೇಲೆ ಕೆಲಸ ಮಾಡುತ್ತಾ ಬಂದಿದೆ. ಕೇಂದ್ರ ಊರಲ್ಲೇ ಇದೆ, ನಾವು ಒಂದು ದಿನ ಹೋಗಿ ನೋಡಿಲ್ಲ.

7/9
ಡ್ಯಾಮಿನ ಬ್ಯಾಲೆನ್ಸ್ ಶೀಟ್ ನೋಡೋಣ ಬನ್ನಿ.

1953ರಲ್ಲಿ ಮುಗಿದಾಗ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಸುಮಾರು 105. ಉಳಿದ ಜಾಗದಲ್ಲಿ ಹೂಳು. ಒಂದು ಟಿಎಂಸಿ ಅಂದ್ರೆ 2,830 ಕೋಟಿ ಲೀಟರ್, ಕಳಕೊಂಡದ್ದು 27 ಟಿಎಂಸಿ ಮೇಲೆ. ಫಸ್ಟ್ ಸೆಮ್ ಹುಡುಗರಿಗೂ ಗೊತ್ತು, ಆಸ್ತಿ ಸವೆಯುತ್ತೆ, ಅದಕ್ಕೆ ಡಿಪ್ರಿಸಿಯೇಶನ್ ಎತ್ತಿಡಬೇಕು. ಇಲ್ಲಿ ಎಪ್ಪತ್ತು ವರ್ಷ ಆಸ್ತಿ ಸವೆಯಿತು, ಖರ್ಚು ಮಾತ್ರ ಹಳೆಯ ಸಾಮರ್ಥ್ಯದ ಲೆಕ್ಕದಲ್ಲೇ ನಡೀತು. ಮೇಲ್ಭಾಗದಲ್ಲಿ ಭತ್ತ ಹೆಚ್ಚುತ್ತಾ ಹೋಯ್ತು, ಡ್ಯಾಮಿನಲ್ಲಿ ನೀರು ಹಿಡಿಯೋ ಜಾಗ ಕಡಿಮೆ ಆಗುತ್ತಾ ಹೋಯ್ತು.

2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಯ್ತು, ಗೇಟೇ ಕೊಚ್ಚಿ ಹೋಯ್ತು. ತುಂಬಿದ ಡ್ಯಾಮಿನಿಂದ ದಿನಗಟ್ಟಲೆ ನೀರು ನದಿಗೆ ಹೋಯ್ತು. ಆ ವಾರ ನೀವೆಲ್ಲ ಸ್ಟೋರಿ ಹಾಕಿದ್ರಿ, ನಾನೂ ಹಾಕಿದೆ. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಕೂತಾಗ ಇಡೀ ರಾಜ್ಯ ಚಪ್ಪಾಳೆ ತಟ್ಟಿತು. ತಟ್ಟಬೇಕಾದ್ದೇ.

ನನ್ನ ಪ್ರಶ್ನೆ ಒಂದೇ. ಗೇಟ್ ಮುರಿದು ಹೋದ ನೀರಿಗೆ ಅತ್ತವರು, ಗೇಟ್ ಗಟ್ಟಿಯಿದ್ದಾಗ ಪ್ರತಿ ವರ್ಷ ಬೇಕಾಬಿಟ್ಟಿ ಹೋಗುವ ನೀರಿಗೆ ಯಾಕೆ ಅಳಲ್ಲ?

ಪ್ರತಿ ಚುನಾವಣೆಗೂ ನವಲಿ ಸಮತೋಲನ ಜಲಾಶಯದ ಮಾತು ಬರ್ತದೆ. ಕಟ್ಟಲಿ, ಬೇಡ ಅನ್ನಲ್ಲ. ಆದರೆ ತೂತು ಬಿದ್ದ ಕೊಡಕ್ಕೆ ಎರಡನೇ ನಲ್ಲಿ ಹಚ್ಚಿದರೆ ಕೊಡ ತುಂಬಲ್ಲ.

8/9
ಬರಲಿರುವ ಕಾಮೆಂಟ್‌ಗಳಿಗೆ ಅಡ್ವಾನ್ಸ್ ಉತ್ತರ.

"ಅನ್ನದಾತನನ್ನು ಪ್ರಶ್ನೆ ಮಾಡ್ತೀಯಾ?" ನಮ್ಮಪ್ಪನೂ ಅನ್ನದಾತನೇ. ಕಾಲುವೆ ಕೊನೆಯ ಅನ್ನದಾತ. ಪೋಸ್ಟರ್‌ನಲ್ಲಿ ಕೈಮುಗಿದು, ಗೇಜ್ ಬಿದ್ದಾಗ ಮುಖ ತಿರುಗಿಸೋ ಗೌರವ ನಮಗೆ ಬೇಡ.

"ಕಾರ್ಖಾನೆ ಹೊಗೆ ಬಿಡಲ್ವಾ?" ಬಿಡ್ತಾವೆ. ಅದಕ್ಕೂ ಬರೀರಿ, ಶೇರ್ ಮಾಡ್ತೀನಿ. ಒಂದು ಹೊಗೆಯಿಂದ ಇನ್ನೊಂದು ಹೊಗೆ ಶುದ್ಧ ಆಗಲ್ಲ.

"ಇದೆಲ್ಲ ಕ್ಯಾಂಪಿನವರಿಂದ ಆಗಿದ್ದು." ಈ ಮಾತು ನನ್ನ ಪೇಜಲ್ಲಿ ಬೇಡ. ಭತ್ತಕ್ಕೆ ಜಾತಿ, ಭಾಷೆ ಇಲ್ಲ. ಇವತ್ತು ಎಲ್ಲರೂ ಬೆಳೀತಾರೆ, ಎಲ್ಲರೂ ಸುಡ್ತಾರೆ. ಜನರ ಮೇಲೆ ತಿರುಗಿಸಿದರೆ ನೀರಿನ ಲೆಕ್ಕ ತಪ್ಪಿಸಿಕೊಳ್ಳುತ್ತೆ.

"ಭತ್ತ ಬಿಟ್ರೆ ಅನ್ನ ಎಲ್ಲಿಂದ?" ಭತ್ತ ಬಿಡಿ ಅಂತ ಯಾರು ಹೇಳಿದ್ರು? ನೀರು ನಿಲ್ಲಿಸೋ ರೀತಿ ಬದಲಿಸಿ ಅಂದೆ. ತೂತು ಕೊರೆದ ಒಂದು ಪೈಪ್ ತುಂಡನ್ನು ಗದ್ದೆಯಲ್ಲಿ ಹುಗಿದು, ಒಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ನೀರು ಕಟ್ಟಿದರೆ ಶೇ 30ರವರೆಗೆ ಉಳಿತಾಯ ಸಾಧ್ಯ. ನಾಟಿ ಬಿಟ್ಟು ಕೂರಿಗೆ ಭತ್ತ ಬಿತ್ತುವವರು ನಮ್ಮ ಕಡೆಯೇ ಇದ್ದಾರೆ. ನೀರು ತಡವಾಗಿ ಬರೋ ಊರುಗಳಿಗೆ ಅದು ಅನಿವಾರ್ಯವಾಗಿ ಕಲಿತ ಪಾಠ.

"ಬಡ ದೇಶದಲ್ಲಿ ಇದೆಲ್ಲ ಆಗಲ್ಲ." ವಿಯೆಟ್ನಾಂ ಅಮೆರಿಕ ಅಲ್ಲ. ಮೆಕಾಂಗ್ ನದಿಯ ಬಯಲಿನಲ್ಲಿ 10 ಲಕ್ಷ ಹೆಕ್ಟೇರ್‌ನಲ್ಲಿ ಕಡಿಮೆ ನೀರಿನ ಭತ್ತ ಬೆಳೆಯೋ, ಹುಲ್ಲನ್ನು ಸುಡದೆ ಹೊರಗೆ ತೆಗೆಯೋ ಯೋಜನೆಯನ್ನು 2023ರಲ್ಲಿ ಒಪ್ಪಿಕೊಂಡಿದೆ, ಗಡುವು 2030. ಅಲ್ಲಿಯ ರೈತರು ಹುಲ್ಲಿನ ಮೇಲೆ ಅಣಬೆ ಬೆಳೆದು ಮಾರ್ತಾರೆ. ಅವರ ಹುಲ್ಲೂ ನಮ್ಮ ಹುಲ್ಲೂ ಒಂದೇ ಜಾತಿ.

9/9
ಬೈದದ್ದಾಯ್ತು. ಈಗ ಬೇಡಿಕೆ. ಇವನ್ನು ಸ್ಕ್ರೀನ್‌ಶಾಟ್ ತಗೊಳ್ಳಿ.

1. ಕಟಾವಿಗೆ ಮೊದಲೇ ಪ್ರತಿ ಹೋಬಳಿಯಲ್ಲಿ ಬೇಲರ್ ಯಂತ್ರ. ಬಾಡಿಗೆ ರೇಟು ಗೋಡೆ ಮೇಲೆ ಬರೆದು ಹಚ್ಚಬೇಕು.

2. ಕಾಲುವೆ ಕಡೆಯ ಹುಲ್ಲನ್ನು ಒಣ ತಾಲ್ಲೂಕಿನ ಮೇವು ಬ್ಯಾಂಕಿಗೆ ಸರ್ಕಾರ ಮುಂಚೆಯೇ ಖರೀದಿ ಮಾಡಬೇಕು. ಬರ ಘೋಷಣೆ ಆದ ಮೇಲೆ ಮೇವಿಗೆ ಟೆಂಡರ್ ಕರೆಯೋದು, ಪರೀಕ್ಷೆ ಮುಗಿದ ಮೇಲೆ ಬುಕ್ ತಗೊಂಡಂಗೆ.

3. ಪ್ರತಿ ಉಪಕಾಲುವೆಯ ಗೇಜ್ ದಿನಾ ಸಾರ್ವಜನಿಕವಾಗಿ ಹಾಕಬೇಕು. ನಾವು ಇಲ್ಲಿ ಊಟದ ಫೋಟೊ ದಿನಾ ಹಾಕ್ತೀವಿ, ಇಲಾಖೆಗೆ ನಾಲ್ಕು ಅಂಕಿ ಹಾಕೋಕೆ ಆಗಲ್ವಾ? ಪಾಳಿ ಯಾವತ್ತು ಅಂತ ನಂಬಿಕೆ ಬಂದರೆ ಅಂಜಿಕೆಯಿಂದ ತುಂಬಿಸಿಕೊಳ್ಳೋದು ತಾನಾಗಿ ಕಡಿಮೆ ಆಗ್ತದೆ.

4. ಅಕ್ರಮ ಪಂಪ್ ಮೇಲೆ ಕ್ರಮ. ದೊಡ್ಡವರಿಂದ ಶುರುವಾಗಲಿ, ಸಣ್ಣವರಿಂದಲ್ಲ.

5. ಜೋಳ ಬೆಳೆದವರಿಗೆ ಖರೀದಿ ಕೇಂದ್ರ ಟೈಮಿಗೆ ತೆರೆಯಬೇಕು, ದುಡ್ಡು ಟೈಮಿಗೆ ಬರಬೇಕು. 2025-26ಕ್ಕೆ ಹೈಬ್ರಿಡ್ ಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 3,699 ರೂಪಾಯಿ, ಸಾಮಾನ್ಯ ಭತ್ತಕ್ಕೆ 2,369. ಜೋಳದ ಇಳುವರಿ ಕಡಿಮೆ, ಒಪ್ಪಿದೆ. ಅದರ ಮೇಲೆ ಖರೀದಿಯೂ ತಡವಾದರೆ ಆ ಬೆಲೆ ಬರೀ ಪೇಪರಿನ ಬೆಲೆ.

ನೀವು ಮಾಡಬೇಕಾದ್ದು ಇನ್ನೂ ಸಣ್ಣದು. ಊರಿಗೆ ಹೋದಾಗ ಮನೆಯಲ್ಲಿ ಮೂರು ಪ್ರಶ್ನೆ ಕೇಳಿ: ನಮ್ಮ ಹೊಲಕ್ಕೆ ಯಾವ ಉಪಕಾಲುವೆಯ ನೀರು? ನಮ್ಮ ಕೆಳಗೆ ಇನ್ನೂ ಎಷ್ಟು ಊರು ಅವೆ? ಈ ಸಲ ನಮ್ಮ ಹುಲ್ಲು ಎಲ್ಲಿ ಹೋಯ್ತು? ಅಪ್ಪ ಬೈಬಹುದು. ಬೈಸಿಕೊಳ್ಳಿ. ಉತ್ತರ ಕೆಳಗೆ ಕಾಮೆಂಟ್‌ನಲ್ಲಿ ಹಾಕಿ. ಹೆಸರು ಬೇಡ, ಊರು ಸಾಕು. ನೂರು ಉತ್ತರ ಬಂದರೆ ನಾವು ಬಿಕಾಂನವರು ಕೂತು ಒಂದು ಲೆಕ್ಕದ ಪಟ್ಟಿ ಮಾಡೋಣ, ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಗೆ ಮೊದಲು ಅದನ್ನು ನಮ್ಮ ನಮ್ಮ ಶಾಸಕರ ಕೈಗೆ ಕೊಡೋಣ. ಲೆಕ್ಕ ಮುಂದಿಟ್ಟವರನ್ನು ಹುಡುಗರು ಅಂತ ಓಡಿಸೋದು ಅಷ್ಟು ಸುಲಭ ಅಲ್ಲ.

ಮೇಲಿನವರು, ಕೆಳಗಿನವರು ಅಂತ ಎರಡು ಊರಿನ ಹುಡುಗರು ಒಂದೇ ಬೆಂಚಿನ ಮೇಲೆ ಕೂರೋದು ನಮ್ಮ ಕಾಲೇಜಿನಲ್ಲೇ. ಕಾಲುವೆ ಮೇಲೆ ನಮ್ಮ ಅಪ್ಪಂದಿರು ಆಡದ ಮಾತನ್ನು ನಾವು ಇಲ್ಲಿ ಆಡದಿದ್ದರೆ, ಇನ್ನೆಲ್ಲಿ ಆಡೋದು?

ಲೈಕ್ ಬೇಡ. ಉತ್ತರ ಬೇಕು.

#ಹುಲ್ಲುಕಸವಲ್ಲ #ಕೊನೆಭಾಗಕ್ಕೂನೀರು #ತುಂಗಭದ್ರಾ #ಎಡದಂಡೆ #ಸವಳುಜವಳು #ರಾಯಚೂರು #ಕೊಪ್ಪಳ #ಬಿಕಾಂಲೆಕ್ಕ